ಮನೆಯ ಜನರೇಟರು, ಕಂಬದ ಮೇಲಿನ ಜೀವ

ಆಷಾಢದ ಮಳೆ. ಮಲೆನಾಡಿನ ಅಡಕೆ ತೋಟದ ನಡುವಿನ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಗಾಳಿಗೆ ಮರವೊಂದು ವಿದ್ಯುತ್ ತಂತಿಯ ಮೇಲುರುಳಿ ಎರಡು ದಿನಗಳಾಗಿವೆ. ದೀಪವಿಲ್ಲ, ಬಾವಿಯ ಪಂಪು ನೀರೆತ್ತುವುದಿಲ್ಲ, ಮಿಕ್ಸಿ ತಿರುಗುವುದಿಲ್ಲ. ಇಂತಹ ಕಾಲಕ್ಕೆಂದೇ ಯಜಮಾನರು ಪೇಟೆಯಿಂದ ಪೆಟ್ರೋಲ್ ಜನರೇಟರೊಂದನ್ನು ತಂದಿರಿಸಿದ್ದಾರೆ. ಯಂತ್ರವೇನೋ ಬಂದಿತು, ಅದರ ಶಕ್ತಿಯನ್ನು ಮನೆಯ ದೀಪಗಳಿಗೆ ಮುಟ್ಟಿಸುವ ಬಗೆ ಹೇಗೆ? ಮಗನಿಗೆ ಸುಲಭೋಪಾಯವೊಂದು ಹೊಳೆಯುತ್ತದೆ. ಎರಡು ತುದಿಗಳಿಗೂ ಪ್ಲಗ್ ಕಟ್ಟಿದ ಒಂದು ವೈರು; ಒಂದು ತುದಿ ಜನರೇಟರಿಗೆ, ಇನ್ನೊಂದು ಜಗಲಿಯ ಗೋಡೆಯ ಸಾಕೆಟ್ಟಿಗೆ. ಹಗ್ಗವೆಳೆದು ಯಂತ್ರ ಹೊರಡಿಸಿದೊಡನೆ ಮನೆತುಂಬ ಬೆಳಕು! ಮನೆಮಂದಿಗೆಲ್ಲ ಹರ್ಷ.

ಅದೇ ಹೊತ್ತಿಗೆ, ಕೂಗಳತೆಯ ದೂರದಲ್ಲಿ, ಲೈನ್‌ಮನ್ ಒಬ್ಬನು ತೊಯ್ದ ಕಂಬವನ್ನೇರಿ ಹರಿದ ತಂತಿಯನ್ನು ಕೂಡಿಸುತ್ತಿದ್ದಾನೆ.

ಆತನು ಅಜಾಗರೂಕನೇನಲ್ಲ. ಕಂಬವೇರುವ ಮುನ್ನ ಟ್ರಾನ್ಸ್‌ಫಾರ್ಮರಿನ ಬಳಿ ಹೋಗಿ ಫ್ಯೂಸುಗಳನ್ನು ತೆಗೆದೇ ಬಂದಿದ್ದಾನೆ. ಶಕ್ತಿ ಹರಿದುಬರುವುದು ಟ್ರಾನ್ಸ್‌ಫಾರ್ಮರಿನಿಂದ ಮನೆಯ ಕಡೆಗೆ. ಆ ದಾರಿ ಮುಚ್ಚಿದ ಮೇಲೆ ತಂತಿ ನಿರ್ಜೀವವಾಗಿರಬೇಕು. ಆದರೆ ಈ ದಿನ ಶಕ್ತಿಯು ವಿರುದ್ಧ ದಿಕ್ಕಿನಿಂದ ಹೊರಟಿದೆ. ಜನರೇಟರಿನ ೨೩೦ ವೋಲ್ಟು ಸಾಕೆಟ್ಟಿನಿಂದ ಮನೆಯ ವೈರಿಂಗಿಗೆ, ಅಲ್ಲಿಂದ ಮೀಟರಿಗೆ, ಮೀಟರಿನಿಂದ ಕಂಬದ ತಂತಿಗೆ ಸಾಗುತ್ತದೆ. ಮನುಷ್ಯನ ಪ್ರಾಣ ಹೋಗಲು ಅಷ್ಟೇ ಸಾಕು. ತಂತಿಯನ್ನು ಪರೀಕ್ಷಿಸಿ, ಭೂಮಿಗೆ ಜೋಡಿಸಿಕೊಂಡೇ ಕೆಲಸ ಮಾಡಬೇಕೆಂಬ ನಿಯಮ ಲೈನ್‌ಮನ್‌ಗೆ ಉಂಟು, ನಿಜ. ಆದರೆ ಒಬ್ಬನ ಎಚ್ಚರಿಕೆಯನ್ನು ನೆಚ್ಚಿ ಇನ್ನೊಬ್ಬನು ಎಚ್ಚರ ತಪ್ಪುವುದು ನ್ಯಾಯವೆ?

ಟ್ರಾನ್ಸ್‌ಫಾರ್ಮರಿನ ಫ್ಯೂಸು ತೆಗೆಯದೆ, ಅದರಾಚೆಯ ೧೧,೦೦೦ ವೋಲ್ಟಿನ ತಂತಿಯಲ್ಲಿ ಮಾತ್ರ ಸಂಪರ್ಕ ಕಡಿದು ಕೆಲಸ ನಡೆಯುತ್ತಿದ್ದರೆ ಅಪಾಯ ಇನ್ನೂ ಘೋರವಾದುದು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯನ್ನು ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದಾಗ, ಹೊರಡುವಲ್ಲಿ ಟ್ರಾನ್ಸ್‌ಫಾರ್ಮರುಗಳಿಂದ ಅದರ ವೋಲ್ಟೇಜನ್ನು ಏರಿಸಿ, ತಲುಪುವಲ್ಲಿ ಟ್ರಾನ್ಸ್‌ಫಾರ್ಮರುಗಳಿಂದಲೇ ಇಳಿಸಲಾಯಿತು. ಏರಿಸುವುದೂ ಇಳಿಸುವುದೂ ಒಂದೇ ತತ್ತ್ವದ ಎರಡು ಮುಖಗಳು. ಊರ ಟ್ರಾನ್ಸ್‌ಫಾರ್ಮರು ಹನ್ನೊಂದು ಸಾವಿರವನ್ನು ೨೩೦ಕ್ಕೆ ಇಳಿಸುವಂತೆಯೇ, ಮನೆಯ ಕಡೆಯಿಂದ ೨೩೦ನ್ನು ಕೊಟ್ಟರೆ ಅದನ್ನು ಹತ್ತು ಸಾವಿರದ ಆಸುಪಾಸಿಗೆ ಏರಿಸಿಬಿಡುತ್ತದೆ. ಶಕ್ತಿ ಯಾವ ಕಡೆಯಿಂದ ಬಂದಿತೆಂದು ಅದು ವಿಚಾರಿಸುವುದಿಲ್ಲ.

“ಇಷ್ಟು ಸಣ್ಣ ಯಂತ್ರ ಊರಿಗೆಲ್ಲ ಶಕ್ತಿ ಕೊಟ್ಟೀತೆ?” ಎನ್ನುವವರುಂಟು. ನೆರೆಹೊರೆಯ ಮನೆಗಳ ಭಾರವೆಲ್ಲ ಬಿದ್ದರೆ ಅದು ಕುಗ್ಗಿ ನಿಲ್ಲಬಹುದು. ಆದರೆ ಹರಿದ ತಂತಿಯ ತುಂಡಿಗೆ ಒಂದೇ ಮನೆ ಅಂಟಿಕೊಂಡಿದ್ದರೆ ಭಾರವೆಲ್ಲಿಯದು? ಯಂತ್ರ ನಿರಾಯಾಸವಾಗಿ ಓಡುತ್ತಲೇ ಇರುತ್ತದೆ. ಇನ್ನು ಆ ಎರಡು ಪ್ಲಗ್ಗಿನ ವೈರು ಮನೆಯವರನ್ನೂ ಬಿಡದು. ಗೋಡೆಯಿಂದ ಕಳಚಿಬಿದ್ದರೆ ಅದರ ಬರಿಯ ಪಿನ್ನುಗಳಲ್ಲಿ ಪೂರ್ಣ ವಿದ್ಯುತ್ತು. ಮಗುವೊಂದು ಮುಟ್ಟಿದರೆ ಕಥೆ ಮುಗಿಯಿತು.

“ಮೇನ್ ಸ್ವಿಚ್ಚು ಆರಿಸಿಕೊಂಡರೆ ಸಾಲದೆ?” ಎಂಬುದು ಮುಂದಿನ ಪ್ರಶ್ನೆ. ಒಂದು ದಿನ ಸಾಕು, ಎರಡು ದಿನ ಸಾಕು. ಮೂರನೆಯ ರಾತ್ರಿ ಕತ್ತಲಲ್ಲಿ, ಅವಸರದಲ್ಲಿ, ಮನೆಯ ಇನ್ನೊಬ್ಬರ ಕೈಯಲ್ಲಿ ಮರೆತುಹೋಗುತ್ತದೆ. ಆಗ ಕಂಬದ ವಿದ್ಯುತ್ತು ಮರಳಿ ಬಂದರೆ ಎರಡು ಶಕ್ತಿಗಳೂ ಒಂದೇ ತಂತಿಯಲ್ಲಿ ಡಿಕ್ಕಿಹೊಡೆದು ಜನರೇಟರಿನ ಸುರುಳಿ ಸುಟ್ಟೀತು, ಬೆಂಕಿಯೂ ಹತ್ತೀತು. ಆದುದರಿಂದ ಸುರಕ್ಷತೆಯನ್ನು ನೆನಪಿಗೆ ಒಪ್ಪಿಸದೆ ಯಂತ್ರಕ್ಕೆ ಒಪ್ಪಿಸುವುದೇ ಜಾಣತನ. ಅಂತಹ ಸಾಧನವೇ ಚೇಂಜ್‌ಓವರ್ ಸ್ವಿಚ್ಚು.

ಇದರ ಗುಟ್ಟು ಸರಳ. ಎರಡು ಕಾಲುವೆಗಳ ಸಂಧಿಯಲ್ಲಿ ಒಂದೇ ಹಲಗೆಯಿದ್ದರೆ ಒಂದು ಬಾಯಿ ತೆರೆದಾಗ ಇನ್ನೊಂದು ಮುಚ್ಚಲೇಬೇಕಷ್ಟೆ? ಇಲ್ಲಿಯೂ ಹಾಗೆಯೇ. ಹಿಡಿ ಒಂದು, ನೆಲೆ ಮೂರು: ಒಂದು ಕಡೆ ಕಂಬದ ವಿದ್ಯುತ್ತು, ಇನ್ನೊಂದು ಕಡೆ ಜನರೇಟರು, ನಡುವೆ ಎರಡೂ ಇಲ್ಲದ ಸ್ಥಿತಿ. ಎರಡನ್ನೂ ಏಕಕಾಲಕ್ಕೆ ಕೂಡಿಸಬೇಕೆಂದರೂ ಸಾಧ್ಯವಿಲ್ಲ. ಮೇನ್ ಸ್ವಿಚ್ಚಿನ ನಂತರ, ಮನೆಗೆ ವಿದ್ಯುತ್ತನ್ನು ಹಂಚುವ ಬೋರ್ಡಿನ ಮೊದಲು ಇದನ್ನು ಕೂಡಿಸತಕ್ಕದ್ದು. ಫೇಸ್ ತಂತಿಯೊಡನೆ ನ್ಯೂಟ್ರಲ್ ತಂತಿಯನ್ನೂ ಕಡಿಯುವ ಎರಡು ಧ್ರುವದ ಸ್ವಿಚ್ಚೇ ಆಗಬೇಕು. ಮೂರು ಫೇಸಿನ ಮನೆಯಾದರೆ ನಾಲ್ಕು ಧ್ರುವದ್ದು. ನ್ಯೂಟ್ರಲನ್ನು ನಿರಪಾಯವೆಂದು ಹಾಗೆಯೇ ಬಿಟ್ಟರೆ, ದೋಷವುಂಟಾದಾಗ ಅದೇ ದಾರಿಯಿಂದ ಪ್ರವಾಹ ಹೊರಹೋಗಬಹುದು. ಜನರೇಟರಿನ ಮೈಯನ್ನು ಅರ್ಥಿಂಗಿಗೆ ಜೋಡಿಸುವುದೂ, ಸೋರಿಕೆ ಕಂಡೊಡನೆ ಪ್ರವಾಹ ಕಡಿಯುವ ಸಾಧನ ಜನರೇಟರು ನಡೆಯುವಾಗಲೂ ಕೆಲಸ ಮಾಡುವುದೇ ಎಂದು ಪರೀಕ್ಷಿಸುವುದೂ ಅವಶ್ಯ. ಇವು ಮನೆಮಂದಿಯ ಕೆಲಸಗಳಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ೨೦೨೩ರ ಸುರಕ್ಷತಾ ನಿಯಮಗಳೂ ಇಂತಹ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕೆನ್ನುತ್ತವೆ.

ಯಂತ್ರವನ್ನಿಡುವ ಸ್ಥಳದ ವಿಚಾರವೂ ಪ್ರಾಣದ ವಿಚಾರವೇ. ಮಳೆಗೆ ನೆನೆಯುವುದೆಂದು ಅದನ್ನು ಜಗಲಿಗೋ ಕೊಟ್ಟಿಗೆಗೋ ತರುವುದುಂಟು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ಉಳಿದಾರು. ಕಿಟಕಿ ಬಾಗಿಲುಗಳಿಂದ ಇಪ್ಪತ್ತು ಅಡಿಗಾದರೂ ದೂರದಲ್ಲಿ, ಸುತ್ತಲೂ ಗಾಳಿಯಾಡುವ ಬಯಲಲ್ಲಿ, ಮೇಲೊಂದು ಮರೆ ಮಾತ್ರ ಕಟ್ಟಿ ಇಡಬೇಕು. ಯಂತ್ರ ಬಿಸಿಯಾಗಿರುವಾಗ ಪೆಟ್ರೋಲು ಸುರಿಯಲಾಗದು.

ಭಾರದ ಲೆಕ್ಕವನ್ನೂ ಮರೆಯುವಂತಿಲ್ಲ. ೨ ಕೆ.ವಿ.ಎ. ಯಂತ್ರವೆಂದರೆ ಸಾಮಾನ್ಯವಾಗಿ ಸುಮಾರು ೧,೬೦೦ ವಾಟು. ದೀಪ, ಫ್ಯಾನು, ಮಿಕ್ಸಿಗಳಿಗೆ ಧಾರಾಳ. ೨,೦೦೦ ವಾಟಿನ ಗೀಸರಿಗೆ ಸಾಲದು. ಒಂದು ಕುದುರೆಶಕ್ತಿಯೆಂದರೆ ೭೪೬ ವಾಟು ಮಾತ್ರವಾದರೂ, ಅಷ್ಟು ಶಕ್ತಿಯ ಪಂಪು ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟನ್ನು ಕೇಳುತ್ತದೆ. ಯಂತ್ರ ಕೊಳ್ಳುವ ಮೊದಲೇ ಈ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ನಡೆಸುವ ಕ್ರಮ ಹೀಗೆ: ಮೊದಲು ಹಿಡಿಯನ್ನು ನಡುವಿನ ನೆಲೆಗೆ ತರುವುದು, ಯಂತ್ರವನ್ನು ಹೊರಡಿಸಿ, ಅದರ ಓಟ ಸಮನಾದ ಮೇಲೆ ಹಿಡಿಯನ್ನು ಜನರೇಟರಿನ ಕಡೆಗೆ ತಿರುಗಿಸುವುದು, ಆಮೇಲೆ ಒಂದೊಂದಾಗಿ ದೀಪ, ಪಂಪುಗಳು. ಕಂಬದ ಕಡೆಯ ತಂತಿಗೆ ಚಿಕ್ಕದೊಂದು ಸೂಚಕ ದೀಪವಿಟ್ಟರೆ, ವಿದ್ಯುತ್ತು ಮರಳಿದುದು ತಾನೇ ತಿಳಿಯುತ್ತದೆ. ಆಗ ಹಿಡಿಯನ್ನು ಹಿಂತಿರುಗಿಸಿ, ಯಂತ್ರವನ್ನು ಕೆಲವು ನಿಮಿಷ ಬರಿದೆ ಓಡಿಸಿ ನಿಲ್ಲಿಸಬೇಕು.

ಈಚೆಗೆ ಮಾಳಿಗೆಯ ಮೇಲೆ ಸೌರ ಫಲಕಗಳನ್ನಿರಿಸಿದವರು, ಬಿಸಿಲಿದ್ದೂ ಕಂಬದ ವಿದ್ಯುತ್ತು ಹೋದೊಡನೆ ಮನೆಯೂ ಕತ್ತಲಾಯಿತೆಂದು ಬೇಸರಪಡುವುದುಂಟು. ಬ್ಯಾಟರಿಯಿಲ್ಲದೆ ಊರ ತಂತಿಗೆ ಜೋಡಿಸಿದ ಫಲಕಗಳ ಇನ್ವರ್ಟರು ಕಂಬ ಸತ್ತೊಡನೆ ತಾನೂ ಸುಮ್ಮನಾಗುವಂತೆ ರಚಿತವಾಗಿದೆ. ಕಂಬದ ಮೇಲಿರುವವನ ಸಲುವಾಗಿಯೇ ಆ ಮೌನ. ಪೆಟ್ರೋಲ್ ಜನರೇಟರಿಗೆ ಆ ವಿವೇಕವಿಲ್ಲ. ಅದನ್ನು ಗೋಡೆಯ ಮೇಲೆ ಕೂಡಿಸಿಕೊಡಬೇಕಾದವರು ಮನೆಯ ಯಜಮಾನರು. ಮಳೆಯಲ್ಲಿ ಕಂಬವೇರಿದವನ ಮನೆಯಲ್ಲಿಯೂ ಆ ರಾತ್ರಿ ದೀಪವಿರುವುದಿಲ್ಲ. ಅಲ್ಲಿಯೂ ಒಬ್ಬರು ಬಾಗಿಲ ಕಡೆ ನೋಡುತ್ತಿರುತ್ತಾರೆ.