ಉತ್ಸವಮೂರ್ತಿಗಳು ಮತ್ತು ನಮ್ಮ ಮನೆಗಳು

ಅಧಿಕಾರವಿಲ್ಲದ ಅಧಿಕಾರಸ್ಥರನ್ನು ಕರೆಯಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಕೈಗೊಂಬೆ, ರಬ್ಬರ್ ಸ್ಟಾಂಪ್, ಉರ್ದುವಿನಿಂದ ಬಂದ ನಾಮಕಾವಾಸ್ತೆ. ಉತ್ಸವಮೂರ್ತಿ ಎಂಬುದು ದೇವಾಲಯದ ಪದ. ಮೂಲವಿಗ್ರಹ ಗರ್ಭಗುಡಿಯಲ್ಲೇ ಉಳಿಯುತ್ತದೆ, ಮೆರವಣಿಗೆಗೆ ಬರುವುದು ಇದು. ಇಂಗ್ಲಿಷಿನ ಫಿಗರ್‌ಹೆಡ್ ಹಡಗಿನ ಮುಂತುದಿಯಲ್ಲಿ ಕೆತ್ತಿ ನಿಲ್ಲಿಸುತ್ತಿದ್ದ ಬೊಂಬೆ. ಅಲೆಗಳ ಹೊಡೆತ ಮೊದಲು ಅದಕ್ಕೆ. ಚುಕ್ಕಾಣಿ ಹಿಂದೆ ಬೇರೆಯವರ ಕೈಯಲ್ಲಿ.

ಇಂತಹ ಬೊಂಬೆಗಳು ನಮ್ಮ ಇತಿಹಾಸದಲ್ಲೂ ಇದ್ದವು. ಕ್ರಿ.ಶ. 945ರಲ್ಲಿ ಬಗ್ದಾದನ್ನು ವಶಪಡಿಸಿಕೊಂಡ ಬುವೈಹಿದ್ ಸೇನಾನಿಗಳು ಅಬ್ಬಾಸಿ ಖಿಲಾಫತ್ತನ್ನು ರದ್ದುಪಡಿಸಲಿಲ್ಲ. ಅವರಿಗೆ ಅದರ ಅಗತ್ಯವೂ ಇರಲಿಲ್ಲ. ಖುತ್ಬಾದಲ್ಲಿ ಖಲೀಫರ ಹೆಸರು, ನಾಣ್ಯದ ಮೇಲೆ ಖಲೀಫರ ಹೆಸರು. ಸೈನ್ಯ ಮತ್ತು ಬೊಕ್ಕಸ ಬುವೈಹಿದರದು. ಮರುವರ್ಷವೇ ಖಲೀಫ ಮುಸ್ತಕ್ಫಿಯನ್ನು ಪದಚ್ಯುತಗೊಳಿಸಿ ಕಣ್ಣು ಕೀಳಲಾಯಿತು.

ಆದರೆ ನಾಮಮಾತ್ರದ ಮುಖ್ಯಸ್ಥ ಎಂಬುದು ಎಲ್ಲೆಡೆಯೂ ಬೈಗುಳವಲ್ಲ. ನಮ್ಮ ಸಂವಿಧಾನವು ರಾಷ್ಟ್ರಪತಿಯನ್ನು ಸಚಿವ ಸಂಪುಟದ ಸಲಹೆಗೆ ಬುದ್ಧಿಪೂರ್ವಕವಾಗಿಯೇ ಬದ್ಧಗೊಳಿಸಿದೆ. ಆದರೂ 1975ರ ಜೂನ್ 25ರ ರಾತ್ರಿ, ಸಂಪುಟ ಸಭೆ ಸೇರುವ ಮೊದಲೇ, ಫಕ್ರುದ್ದೀನ್ ಅಲಿ ಅಹ್ಮದ್ ತುರ್ತುಪರಿಸ್ಥಿತಿಗೆ ಸಹಿ ಹಾಕಿದರು. 1997ರಲ್ಲಿ ಕೆ.ಆರ್. ನಾರಾಯಣನ್, ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಡಳಿತ ಹೇರುವ ಶಿಫಾರಸನ್ನು ಮರುಪರಿಶೀಲನೆಗೆ ಹಿಂದಿರುಗಿಸಿದರು. ಸರಕಾರ ಅದನ್ನು ಕೈಬಿಟ್ಟಿತು. ಹುದ್ದೆ ಅದೇ ಆಗಿತ್ತು.

ರಾಜಕೀಯ ಪಕ್ಷಗಳು ಮುಸ್ಲಿಮರನ್ನು ವೇದಿಕೆಯ ಅಲಂಕಾರಕ್ಕಷ್ಟೇ ಬಳಸುತ್ತವೆ ಎಂದು ನಾವು ದೂರುತ್ತೇವೆ. ದೂರು ಸುಳ್ಳಲ್ಲ. ಆದರೆ ಅದೇ ಅಲಂಕಾರದ ಕೆಲಸವನ್ನು ನಾವು ಮನೆಯಲ್ಲಿ ಯಾರಿಗೆ ವಹಿಸಿದ್ದೇವೆ? 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ಪಂಚಾಯತ್‌ಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಪಾಲು ನೀಡಿತು. ಕರ್ನಾಟಕ 2010ರಲ್ಲಿ ಅದನ್ನು ಅರ್ಧಕ್ಕೇರಿಸಿತು. ಕ್ಷೇತ್ರ ಮಹಿಳೆಗೆ ಮೀಸಲಾದೊಡನೆ ಪತ್ನಿಯ ಹೆಸರಲ್ಲಿ ನಾಮಪತ್ರ. ಗೆದ್ದ ಬಳಿಕ ಹಾರ ಪತಿಯ ಕೊರಳಿಗೆ, ಫೋನು ಪತಿಯ ಜೇಬಿನಲ್ಲಿ. ಸಹಿ ಮಾತ್ರ ಆಕೆಯದು. ಲೆಕ್ಕದಲ್ಲಿ ತಪ್ಪು ಕಂಡುಬಂದ ದಿನ ನೋಟಿಸು ಬರುವುದೂ ಆಕೆಯ ಹೆಸರಿಗೇ. ಇದು ಎಲ್ಲ ಸಮುದಾಯಗಳಲ್ಲೂ ಇರುವ ರೋಗ, ನಿಜ. ಆದರೆ ಇದಕ್ಕೆ ಧರ್ಮದ ಹೊದಿಕೆ ಹೊದಿಸುವವರು ನಮ್ಮಲ್ಲಿದ್ದಾರೆ. ಸಭೆಗೆ ಹೋಗುವುದು ಸ್ತ್ರೀಗೆ ತಕ್ಕುದಲ್ಲವಂತೆ, ಪೋಸ್ಟರಿನಲ್ಲಿ ಭಾವಚಿತ್ರ ತಕ್ಕುದಂತೆ!

ಹುದೈಬಿಯಾ ಒಪ್ಪಂದದ ದಿನ ಅನುಚರರು ದುಃಖದಿಂದ ಬಲಿಯರ್ಪಣೆಗೆ ಏಳದೆ ಕುಳಿತಾಗ ಪ್ರವಾದಿಯವರಿಗೆ(ಸ) ಸಲಹೆ ನೀಡಿದವರು ಪತ್ನಿ ಉಮ್ಮು ಸಲಮಾ(ರ). ಯಾರೊಂದಿಗೂ ಮಾತಾಡದೆ ಹೊರಹೋಗಿ ತಾವೇ ಮೊದಲು ಬಲಿಯರ್ಪಿಸಿ, ತಲೆ ಬೋಳಿಸಿಕೊಳ್ಳಿ ಎಂದರು. ಪ್ರವಾದಿವರ್ಯರು(ಸ) ಹಾಗೆಯೇ ಮಾಡಿದರು, ಜನ ಎದ್ದರು. ಆ ಸಲಹೆಯನ್ನು ಯಾರೂ ಪತಿಯ ಹೆಸರಿಗೆ ಬರೆದುಕೊಳ್ಳಲಿಲ್ಲ. ಹದೀಸ್ ಗ್ರಂಥಗಳಲ್ಲಿ ಅದು ಇಂದಿಗೂ ಉಮ್ಮು ಸಲಮಾರದೇ(ರ).

ಪಂಚಾಯತ್‌ನ ಮುಂದಿನ ಸಾಮಾನ್ಯ ಸಭೆಗೆ ನಮ್ಮ ಸದಸ್ಯೆಯರೇ ಹೋಗಲಿ. ಅಷ್ಟು ಹೊತ್ತು ಪತಿಯಂದಿರು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲಿ.