ಬೆಸ್ಟ್ ಕಾರ್ಮಿಕರ ಮತವೂ ಮುಖಂಡರ ಹೊಣೆಯೂ

ಮುಂಬಯಿಯ ಬೆಸ್ಟ್ ಸಾರಿಗೆ ಸಂಸ್ಥೆಯ ನೌಕರರ ಪತ್ತಿನ ಸಹಕಾರಿ ಸಂಘಕ್ಕೆ 2025ರ ಆಗಸ್ಟ್ ತಿಂಗಳಲ್ಲಿ ನಡೆದ ಚುನಾವಣೆಯು ಹೊರನೋಟಕ್ಕೆ ಸಣ್ಣದು. ಆದರೆ ಅದರ ಫಲಿತಾಂಶವು ಮಹಾನಗರದ ರಾಜಕಾರಣಿಗಳೆಲ್ಲರ ಹುಬ್ಬೇರಿಸಿತು. 21 ಸ್ಥಾನಗಳ ಪೈಕಿ 14, ಬೆಸ್ಟ್ ವರ್ಕರ್ಸ್ ಯೂನಿಯನ್ನಿನ ಮುಖಂಡ ಶ್ರೀ ಶಶಾಂಕ ರಾವ್ ಅವರ ಬಣಕ್ಕೆ ಸಂದವು. ಆಳುವ ಕೂಟದ ಬಣಕ್ಕೆ ದೊರೆತವು 7. ಠಾಕ್ರೆ ಸೋದರರ ಎರಡು ಪಕ್ಷಗಳು ಕೈಗೂಡಿಸಿ ನಿಲ್ಲಿಸಿದ ಬಣಕ್ಕೆ ಒಂದು ಸ್ಥಾನವೂ ದಕ್ಕಲಿಲ್ಲ. ಪಕ್ಷದ ಹೆಸರು ಎಷ್ಟೇ ದೊಡ್ಡದಿರಲಿ, ಸಂಬಳ ಹಾಗೂ ಗ್ರಾಚ್ಯುಯಿಟಿಯ ಪ್ರಶ್ನೆ ಬಂದಾಗ ನೌಕರನು ತನ್ನ ಲೆಕ್ಕವನ್ನು ತಾನೇ ಹಾಕುತ್ತಾನೆಂಬುದು ಇದರಿಂದ ವೇದ್ಯವಾಗುತ್ತದೆ.

ಈ ನಾಯಕತ್ವದ ಬೇರು ನಮ್ಮ ಕರಾವಳಿಯವರೆಗೂ ಹಬ್ಬಿದೆಯೆಂಬುದನ್ನು ಇಲ್ಲಿ ಸ್ಮರಿಸುವುದು ಅಪ್ರಸ್ತುತವಾಗಲಾರದು. ಮಂಗಳೂರಿನ ಜಾರ್ಜ್ ಫರ್ನಾಂಡಿಸರು ಮೊದಲು ಸಂಘಟಿಸಿದ್ದು ತಮ್ಮ ಊರಿನ ಮೋಟಾರು ಸಾರಿಗೆಯ ಮತ್ತು ಹೋಟೆಲುಗಳ ಕೆಲಸಗಾರರನ್ನು. ಬಳಿಕ ಮುಂಬಯಿಗೆ ಬಂದು ಟ್ಯಾಕ್ಸಿ ಚಾಲಕರನ್ನೂ ನಗರಸಭೆಯ ಕಾರ್ಮಿಕರನ್ನೂ ಒಗ್ಗೂಡಿಸಿದರು. ಅವರ ಗರಡಿಯಲ್ಲಿ ಬೆಳೆದವರು ಶರದ್ ರಾವ್. 2016ರಲ್ಲಿ ಅವರು ತೀರಿಕೊಂಡ ಮೇಲೆ ಮುಂದಾಳುತನ ವಹಿಸಿದವರು ಅವರ ಪುತ್ರ ಶಶಾಂಕ ರಾವ್. ತಂದೆಯಿಂದ ಮಗನಿಗೆ ಗದ್ದುಗೆ ಬಂದಿತೆಂದು ಆಡಿಕೊಳ್ಳುವವರಿರಬಹುದು. ಆದರೆ ಮತಪೆಟ್ಟಿಗೆಯು ಪಿತ್ರಾರ್ಜಿತ ಆಸ್ತಿಯಲ್ಲ.

2019ರ ಜನವರಿ 8ರಂದು ಆರಂಭವಾದ ಮುಷ್ಕರವು ಒಂಬತ್ತು ದಿನ ನಡೆಯಿತು. ಬೆಸ್ಟ್‌ನ ಆಯವ್ಯಯವನ್ನು ನಗರಸಭೆಯ ಆಯವ್ಯಯದೊಡನೆ ವಿಲೀನಗೊಳಿಸಬೇಕು, 2007ರ ನಂತರ ಸೇರಿದವರ ಕಡಿಮೆ ವೇತನಶ್ರೇಣಿಯನ್ನು ಸರಿಪಡಿಸಬೇಕು ಎಂಬುವು ಮುಖ್ಯ ಬೇಡಿಕೆಗಳಾಗಿದ್ದವು. ಮುಂಬಯಿ ಉಚ್ಚ ನ್ಯಾಯಾಲಯವು ನಡುವೆ ಬಂದು, ನಿವೃತ್ತ ನ್ಯಾಯಮೂರ್ತಿಯೊಬ್ಬರನ್ನು ಮಧ್ಯಸ್ಥರನ್ನಾಗಿ ನೇಮಿಸಿದ ಮೇಲೆ ಬಸ್ಸುಗಳು ಮತ್ತೆ ಬೀದಿಗಿಳಿದವು. ಕೆಳಶ್ರೇಣಿಯವರಿಗೆ ತಾತ್ಕಾಲಿಕ ವೇತನವೃದ್ಧಿಯೂ ದೊರೆಯಿತು. ಒಗ್ಗಟ್ಟಿನ ಬಲಕ್ಕೆ ಇದು ಸಾಕ್ಷಿ.

ಆದರೆ ಗೆಲುವಿನ ಬೆನ್ನಲ್ಲೇ ಇನ್ನೊಂದು ಸಂಗತಿ ನಡೆಯಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಖಾಸಗಿ ಗುತ್ತಿಗೆದಾರರ ಬಸ್ಸುಗಳನ್ನು ಬಾಡಿಗೆಗೆ ಪಡೆಯಲು ಯೂನಿಯನ್ ಒಪ್ಪಿ ಸಹಿ ಹಾಕಿತು. ಬೆಸ್ಟ್‌ನ ಸ್ವಂತ ಬಸ್ಸುಗಳು 3,337ಕ್ಕೆ ಕಡಿಮೆಯಾಗಕೂಡದೆಂಬುದು ಅದರ ಕರಾರು. ಆ ಕರಾರು ಕಾಗದದಲ್ಲಿಯೇ ಉಳಿಯಿತು. 2025ರ ವೇಳೆಗೆ ಸ್ವಂತ ಬಸ್ಸುಗಳ ಸಂಖ್ಯೆ ಸಾವಿರಕ್ಕೂ ಕೆಳಗಿಳಿದಿತ್ತು.

ಇದರ ಪರಿಣಾಮವನ್ನು ವಿಚಾರಮಾಡಬೇಕು. ಗುತ್ತಿಗೆಯ ಬಸ್ಸನ್ನು ನಡೆಸುವ ಚಾಲಕನು ಗುತ್ತಿಗೆದಾರನ ಆಳು. ಅದೇ ಬೀದಿ, ಅದೇ ಪ್ರಯಾಣಿಕ, ಅದೇ ಕೆಂಪು ಬಣ್ಣ; ಆದರೆ ಸಂಬಳ ಬೇರೆ, ಒಡೆಯ ಬೇರೆ. 2023ರ ಆಗಸ್ಟಿನಲ್ಲಿ ಇಂಥ ಚಾಲಕರು ವೇತನ ಹೆಚ್ಚಳಕ್ಕಾಗಿ ತಾವಾಗಿಯೇ ಕೆಲಸ ನಿಲ್ಲಿಸಬೇಕಾಯಿತು. ಕಾಯಂ ನೌಕರರು ನಿವೃತ್ತರಾಗುತ್ತ ಹೋದಂತೆ ಯೂನಿಯನ್ನಿನ ಬಲ ಕರಗುತ್ತದೆ; ಕೆಲಸವು ಸಂಘಟನೆಯಿಲ್ಲದವರ ಕೈಗೆ ಹೋಗುತ್ತದೆ. ಮತದಾರರೇ ಕರಗುತ್ತಿರುವಾಗ ಚುನಾವಣೆ ಗೆದ್ದು ಮುಖಂಡರಿಗೆ ಪ್ರಯೋಜನವೇನು?

ಆದುದರಿಂದ ಚುನಾಯಿತ ಮುಖಂಡರು ಎರಡು ಕೆಲಸಗಳನ್ನು ಮಾಡಬೇಕಾಗಿದೆ. 3,337ರ ಮಾತಿಗೆ ಆಡಳಿತವರ್ಗವನ್ನು ಉತ್ತರವಾದಿಯನ್ನಾಗಿ ಮಾಡುವುದು ಒಂದು. ಗುತ್ತಿಗೆಯ ಚಾಲಕನನ್ನೂ ಸದಸ್ಯನನ್ನಾಗಿ ಸೇರಿಸಿಕೊಂಡು ಅವನಿಗೂ ಮತ ಕೊಡುವುದು ಇನ್ನೊಂದು. ಎರಡನೆಯದು ಕಠಿನ, ಆದರೆ ಮೊದಲನೆಯದಕ್ಕಿಂತ ಮಹತ್ತ್ವದ್ದು.

ಹೋಟೆಲಿನಲ್ಲಿ ದುಡಿಯುವ ನಮ್ಮವರಿಗೆ ಈ ಮಾತು ಹೊಸದೇನೂ ಅಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನ ದುಡಿಮೆಗೆ ಬೆಲೆಯಿಲ್ಲವೆಂಬುದನ್ನು ಅವರು ಬಲ್ಲರು. ಕಚೇರಿಯ ಗುಮಾಸ್ತರೂ ಈಗ ಗುತ್ತಿಗೆ ನೇಮಕದ ಬಿಸಿಯನ್ನು ಕಾಣುತ್ತಿದ್ದಾರೆ. ಮತ ಹಾಕಿದ ದಿನಕ್ಕೇ ಕಾರ್ಮಿಕನ ಹೊಣೆ ಮುಗಿಯುವುದಿಲ್ಲ. ಆರಿಸಿದ ಮುಖಂಡನಿಂದ ವರ್ಷ ವರ್ಷವೂ ಲೆಕ್ಕ ಕೇಳುವವನೇ ನಿಜವಾದ ಸದಸ್ಯನು.