ಯಾರ ದಿನದ ಕೊನೆ?

‘ಜಸ್ಟ್ ಎ ಮಿನಿಟ್’ ಅಂದರೆ ಅರವತ್ತು ಸೆಕೆಂಡಲ್ಲ ಎಂಬುದು ಎಲ್ಲರಿಗೂ ಗೊತ್ತು. ಹೊರಡುವ ಮೊದಲೇ ಹೇಳುವ ನಮ್ಮ ‘ಬಂದೆ ಬಂದೆ’ಯೂ ಅಷ್ಟೇ. ಅದರಿಂದ ಯಾರಿಗೂ ನಷ್ಟವಿಲ್ಲ. ನನ್ನ ತಕರಾರಿರುವುದು ಆಫೀಸಿನ ‘ಇಓಡಿ’, ‘ಎಎಸ್‌ಎಪಿ’ಗಳ ಮೇಲೆ. ‘ಎಂಡ್ ಆಫ್ ಡೇ’ ಸರಿ, ಯಾರ ದಿನ? ನ್ಯೂಯಾರ್ಕಿನ ಸಾಹೇಬರಿಗೆ ಸಂಜೆ 5 ಆದಾಗ ಪುಣೆ, ಹೈದರಾಬಾದಿನ ನಮಗೆ ರಾತ್ರಿ 2.30, ಅಲ್ಲಿ ಚಳಿಗಾಲವಾದರೆ 3.30. ‘ಆಸ್ ಸೂನ್ ಆಸ್ ಪಾಸಿಬಲ್’ನಲ್ಲಿ ಸಾಧ್ಯವೇ ಎಂದು ನಮ್ಮನ್ನು ಕೇಳಿದವರೇ ಇಲ್ಲ. ಹೇಳುವವರಿಗೆ ಅದು ವಿನಯದ ಮಾತು, ನಿದ್ದೆ ಕೆಡುವುದು ಮಾಡುವವರದ್ದು. ಹಳಬರ ಗಳಿಗೆಗಾದರೂ 24 ನಿಮಿಷವೆಂಬ ಲೆಕ್ಕವಿತ್ತು. ಇವಕ್ಕೆ ಅದೂ ಇಲ್ಲ. ಮುಂದಿನ ಸಲ ‘ಶ್ಯೂರ್’ ಎಂದು ಬರೆಯುವ ಮುಂಚೆ ಕೇಳಿಬಿಡಿ: ಎಷ್ಟು ಗಂಟೆಗೆ, ಯಾವ ಊರಿನ ಗಡಿಯಾರದಲ್ಲಿ?